ಮಡಚೂ ಛತ್ತಿನ ಕಾರು, ಎರಡ ಸೀಟು

ಯುಗಾದಿ ಆದ ಮ್ಯಾಲೆ ನನಗ ಬಂದ ಫೋನಿನ್ಯಾಗ ಅರ್ಧಾದ್ರೂ ಒಂದ ಮಾತಿನವು. "ಏನವಾ, ನಿಮ್ಮ ಮಗಳು ಅಮೇರಿಕಾದಾಗ ಛತ್ತ ಇಲ್ಲದ ಕಾರು ತಗೋತಾಳಂತ, ಖರೇನೇನು?" ಸೋದರತ್ತಿ ಕೇಳಿದ್ರು, ಮಗ್ಗಲ ಮನಿ ವೈನಿ ಕೇಳಿದ್ರು, ಹುಬ್ಬಳ್ಳಿ ಮೌಶಿ ಅಂತೂ ಎರಡು ಸರೆ ಕೇಳಿದ್ರು. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳಿ ಹೇಳಿ ನನ್ನ ಗಂಟಲ ಒಣಗೇದ. ಅದಕ್ಕ ಎಲ್ಲಾರಿಗೂ ಕೂಡೇ ಇಲ್ಲೆ ಬರದುಬಿಡ್ತೀನಿ, ನಿವಾಂತ ಚಹಾ ಕುಡಕೋತ ಓದ್ರಿ.

ಮೊದಲನೇ ಮಾತು, ಅದಕ್ಕ ಛತ್ತ ಅದ. ಗಟ್ಟಿ ಛತ್ತ, ನಮ್ಮ ನಿಮ್ಮ ಕಾರಿಗೆ ಇರೋ ಹಂತಾದ್ದ. ಬೇಕಾದಾಗ ಅದು ಮಡಚಿಕೊಂಡು ಹಿಂದ ಹೋಗಿ ಕೂಡ್ತದ, ಬ್ಯಾಡಾದಾಗ ಎದ್ದು ಬಂದು ತಲಿ ಮ್ಯಾಲೆ ಕೂಡ್ತದ. ಎರಡನೇ ಮಾತು, ಇನ್ನೂ ತಗೊಂಡಿಲ್ಲ. ವಿಚಾರ ನಡದದ. ಆ ವಿಚಾರದಾಗ ನಾನೂ ಪಾಲುದಾರಳು, ಯಾಕಂದ್ರ ಹೋದ ವರ್ಷ ಬ್ಯಾಸಗಿಯಿಂದ ದೀಪಾವಳಿ ಮುಂದಿನ ತನಕ ನಾವಿಬ್ರೂ ಅಕಿ ಹತ್ರನ ಇದ್ವಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ್ಯಾಗ. ದಿನಾ ರಾತ್ರಿ ಊಟಾ ಆದ ಮ್ಯಾಲೆ ಅಕಿ ಲ್ಯಾಪ್‌ಟಾಪ್ ತಗದು ಈ ಕಾರಿನ ಪುರಾಣ ಹಚ್ಚತಿದ್ಲು. ಕೇಳಿ ಕೇಳಿ ನನಗೂ ಒಂದಿಷ್ಟು ತಲ್ಯಾಗ ಹೊಕ್ಕದ. ಗಾಡಿ ಹೊಡೀಲಿಕ್ಕೆ ನನಗ ಬರೂದಿಲ್ಲ, ಆದ್ರ ಮೂವತ್ತು ವರ್ಷ ಸಂಸಾರ ಮಾಡಿದಾಕಿಗೆ ಒಂದು ಸಾಮಾನು ಮನಿಗೆ ತರೂ ಮುಂದ ಏನೇನು ನೋಡಬೇಕು ಅನ್ನೂದು ಗೊತ್ತಿರ್ತದಲ್ಲಾ. ಮಿಕ್ಸರ್ ಆಗಲಿ ಕಾರಾಗಲಿ, ನೋಡೂ ಕಣ್ಣು ಒಂದ.

ಅಕಿ ನೋಡ್ಲಿಕ್ಕೆ ಹತ್ತಿದ್ದು ಜಪಾನಿನ ಮಾಜ್ದಾ ಕಂಪನಿಯ ಎಮ್‌ಎಕ್ಸ್-5. ಅಮೇರಿಕಾದವರು ಅದಕ್ಕ ಮಿಯಾಟಾ ಅಂತಾರ. 1989ರಿಂದ ಬರಲಿಕ್ಕೆ ಹತ್ಯದ, 2016ರಾಗ ಹತ್ತು ಲಕ್ಷನೇ ಕಾರು ಹೊರಬಿತ್ತು. ಎರಡ ಸೀಟಿನ ಇಂಥಾ ಗಾಡಿಯೊಳಗ ಜಗತ್ತಿನ್ಯಾಗ ಇಷ್ಟು ಮಾರಾಟ ಆದದ್ದು ಬ್ಯಾರೆ ಇಲ್ಲಂತ. ನಮ್ಮ ದೇಶದಾಗ ಮಾಜ್ದಾದವರು ಇದನ್ನ ಮಾರೂದಿಲ್ಲ, ಹಿಂಗಾಗಿ ನೀವು ಧಾರವಾಡದಾಗ ನೋಡಿರಲಿಕ್ಕಿಲ್ಲ. ಇದರಾಗ ಎರಡು ನಮೂನಿ. ಒಂದಕ್ಕ ಅರಿವಿ ಛತ್ತು, ಒಳಗ ಕೂತಲ್ಲಿಂದನ ಕೈಯಿಂದ ಹಿಂದ ಒಗದು ಬಿಡೂದು, ಟಾಂಗಾದ ಪಡದೆ ಸರಿಸಿದಂಗ. ಇನ್ನೊಂದಕ್ಕ ಗಟ್ಟಿ ಛತ್ತು, ಗುಂಡಿ ಒತ್ತಿ ಹಿಡದ್ರ ತಾನ ಮಡಚಿಕೊಳ್ಳೂದು. ಇದಕ್ಕ ಆರ್‌ಎಫ್ ಅಂತಾರ, 2017ರಿಂದ ಮಾರ್ಲಿಕ್ಕೆ ಹತ್ಯಾರ. ನಮ್ಮ ಮಗಳ ಮನಸ್ಸು ಈ ಎರಡನೇದರ ಮ್ಯಾಲೆ. ಹೊಸಾದಲ್ಲ, ನಾಕೈದು ವರ್ಷ ಓಡಿದ್ದು.

ಆ ಛತ್ತು ಮಡಚೂದನ್ನ ಒಮ್ಮೆ ನೋಡಬೇಕ್ರಿ. ಹಿಂದಿನ ಬೆನ್ನಿನ ಭಾಗ ಮೊದಲ ಮ್ಯಾಲೆ ಏಳ್ತದ. ನಡುವಿನ ಛತ್ತು ಹೋಳಾಗಿ ಹಿಂದಕ್ಕ ಸರದು, ಸೀಟಿನ ಹಿಂದ ಒಂದರ ಮ್ಯಾಲೊಂದು ಕೂಡ್ತದ. ಹಿಂದಿನ ಕಾಜೂ ಒಳಗ ಇಳೀತದ. ಎದ್ದ ಬೆನ್ನು ಮತ್ತ ಕೆಳಗ ಬಂದು ಏನೂ ಆಗೇ ಇಲ್ಲ ಅನ್ನೂ ಹಂಗ ಮುಚ್ಚಿಕೊಳ್ತದ. ಎಲ್ಲಾ ಕೂಡಿ 13 ಸೆಕೆಂಡು. ನಾವು ಮಾಳಗಿ ಮ್ಯಾಲೆ ಸಂಡಿಗಿ ಹಾಕಿದಾಗ ಅವಕಾಳಿ ಮಳಿ ಬಂದ್ರ 13 ಸೆಕೆಂಡಿನ್ಯಾಗ ಒಂದು ಚಾಪಿ ಸುತ್ತಲಿಕ್ಕೂ ಆಗೂದಿಲ್ಲ. ಗಾಡಿ ನಿಲ್ಲಿಸೂದೂ ಬ್ಯಾಡ, ತಾಸಿಗೆ 10 ಕಿಲೋಮೀಟರಿಗಿಂತ ನಿಧಾನ ಇದ್ರ ಸಾಕು, ಅಂದ್ರ ಸಿಗ್ನಲ್ ಹತ್ರ ಬಂದಾಗ ಕೆಲಸಾ ಮುಗೀತದ. ನಮ್ಮ ಮನಿಯವರು ಮೊದಲನೇ ದಿನಾ ಮೂರು ಸರೆ ತಗಸಿ ಹಾಕಿಸಿ ನೋಡಿದ್ರು. "ಇದರಾಗ ಎಷ್ಟು ಮೋಟರ್ ಅವ ಗೊತ್ತೇನು, ಅಷ್ಟೂ ಕೆಡಲಿಕ್ಕೆ ಅವಕಾಶ" ಅಂದ್ರು. ರಿಟೈರ್ಡ್ ಓವರ್‌ಸಿಯರ್ ಅವರು, ಯಾವ ಕಟ್ಟಡಾ ನೋಡಿದ್ರೂ ಮೊದಲ ಬಿರುಕ ಕಾಣ್ತದ ಅವರಿಗೆ.

ಈ ಮಡಚೂ ಗಟ್ಟಿ ಛತ್ತಿನ ವಿಚಾರ ಮಾಡಿದವರು ಯಾರು ಅಂತ ಕೇಳಿದ್ರ ನಗ್ತೀರಿ. ಫ್ರಾನ್ಸಿನ ಜಾರ್ಜ್ ಪೋಲಾಂ ಅನ್ನವರು, ಹಲ್ಲಿನ ಡಾಕ್ಟರು! ಹಾಕಿ ತಗಿಯೂ ಹಲ್ಲಿನ ಸೆಟ್ ಮಾಡವರಿಗೆ ಹಾಕಿ ತಗಿಯೂ ಛತ್ತು ಹೊಳದದ್ದು ಆಶ್ಚರ್ಯ ಏನಲ್ಲ ಬಿಡ್ರಿ. 1930ರ ದಶಕದಾಗ ಅವರ ಯೋಜನಾದ ಮ್ಯಾಲೆ ಪ್ಯೂಜೋ ಕಂಪನಿ ಗಾಡಿ ಮಾಡಿತು. ಆ ಮನಶಾ ಮುಂದ ಮಹಾಯುದ್ಧದಾಗ ಬ್ರಿಟಿಷರಿಗೆ ಗುಪ್ತ ಸುದ್ದಿ ಕೊಡತಿದ್ರು, ಸಿಕ್ಕಿಬಿದ್ದು 1942ರಾಗ ಜರ್ಮನರ ಗುಂಡಿಗೆ ಸತ್ತರು. ಅವರ ಹೆಸರು ಕೇಳಿದವರು ಎಷ್ಟು ಮಂದಿ ಇದ್ದೀವಿ? ಆಮ್ಯಾಲೆ ಅಮೇರಿಕಾದ ಫೋರ್ಡ್ ಕಂಪನಿ 1957ರಿಂದ 1959ರ ತನಕ ಸ್ಕೈಲೈನರ್ ಅಂತ ದೊಡ್ಡ ಗಾಡಿ ಮಾಡಿತು. ಅದರ ಛತ್ತು ಮಡಚಲಿಕ್ಕೆ ಸುಮಾರು 600 ಅಡಿ ವೈರ್ ಬೇಕಾಗ್ತಿತ್ತಂತ. ಮೂರು ವರ್ಷದಾಗ 48 ಸಾವಿರದ ಮ್ಯಾಲೆ ಮಾಡಿ ಕೈ ಬಿಟ್ರು. ನಡುವ ಭಾಳ ವರ್ಷ ಯಾರೂ ಅಷ್ಟಾಗಿ ಮುಟ್ಟಲಿಲ್ಲ. 1996ರಾಗ ಮರ್ಸಿಡಿಸ್‌ದವರು ಎಸ್‌ಎಲ್‌ಕೆ ಅಂತ ತಂದ ಮ್ಯಾಲೆ ಎಲ್ಲಾ ಕಂಪನಿಯವರೂ ಅದರ ಬೆನ್ನ ಹತ್ತಿದ್ರು.

ಈಗ ಮಜಾ ಕೇಳ್ರಿ. ಹಂಗ ಬೆನ್ನ ಹತ್ತಿದವರು ಮತ್ತ ಹೊಳ್ಳಿ ಅರಿವಿಗೇ ಬಂದಾರ. ಬೆಂಗಳೂರಿನ್ಯಾಗ ಒಮ್ಮೊಮ್ಮೆ ಕಾಣತದಲ್ಲಾ ಬಿಎಮ್‌ಡಬ್ಲ್ಯೂ ಝಡ್4, ಅದಕ್ಕ 2009ರಿಂದ 2016ರ ತನಕ ಗಟ್ಟಿ ಛತ್ತಿತ್ತು, 2018ರಾಗ ತೋರಿಸಿದ ಹೊಸಾದಕ್ಕ ಅರಿವಿ. ಮರ್ಸಿಡಿಸ್‌ದ ದೊಡ್ಡ ಎಸ್‌ಎಲ್ ಸಹ 2021ರಾಗ ಅರಿವಿಗೆ ತಿರುಗಿತು. ಯಾಕ? ಗಟ್ಟಿದು ವಜ್ಜಾ, ಅದೂ ಎತ್ತರದಾಗಿನ ವಜ್ಜಾ. ಮಡಚಿದ ಮ್ಯಾಲೆ ಜಾಗಾ ಭಾಳ ತಿಂತದ. ಅರಿವಿ ಛತ್ತೂ ಈಗ ಮೊದಲಿನಂಗ ತಾಡಪತ್ರಿ ಆಗಿ ಉಳದಿಲ್ಲ, ನಾಕೈದು ಪದರು ಹಾಕಿ ಕೌದಿ ಹಂಗ ಮಾಡ್ತಾರ, ಗಾಳಿ ಸಪ್ಪಳ ಭಾಳ ಒಳಗ ಬರೂದಿಲ್ಲ. ನಾನು ಇದನ್ನ ಕೇಳಿದ ಕೂಡಲೇ ಮಗಳಿಗೆ ಅಂದೆ, "ಮಾಡವರ ಬ್ಯಾಡ ಅಂದದ್ದನ್ನ ನೀ ಯಾಕ ಬೆನ್ನ ಹತ್ತೀ?" ಅಂತ. ಅದಕ್ಕ ಅಕಿ ಕೊಟ್ಟ ಉತ್ತರ ಮುಂದ ಹೇಳ್ತೀನಿ, ಮೊದಲ ಡಿಕ್ಕಿ ಸುದ್ದಿ.

ಮಡಚಿದ ಛತ್ತು ಎಲ್ಲೆರೆ ಕೂಡಬೇಕಲ್ಲಾ. ಭಾಳ ಗಾಡಿಗಳೊಳಗ ಅದು ಡಿಕ್ಕಿಯೊಳಗ ಹೋಗಿ ಕೂಡ್ತದ. ಆ ಹಳೇ ಝಡ್4ರದ ಲೆಕ್ಕಾ ನೋಡ್ರಿ, ಛತ್ತು ಹಾಕಿದಾಗ ಡಿಕ್ಕಿ 310 ಲೀಟರ್, ತಗದಾಗ 180. ಅಂದ್ರ ಸಾಮಾನು ತುಂಬಿಕೊಂಡು ಹೊಂಟು ನಡುವ ಬಿಸಲು ಛಲೋ ಬಿತ್ತು, ಛತ್ತು ತಗೀಬೇಕು ಅಂದ್ರ ಸಂತಿ ಸಾಮಾನು ರಸ್ತೆಕ್ಕ ಇಳಿಸಬೇಕು. ಮಿಯಾಟಾದ ಆರ್‌ಎಫ್‌ದಾಗ ಹಂಗಿಲ್ಲ, ಛತ್ತು ಸೀಟಿನ ಹಿಂದ ಕೂಡ್ತದ, ಡಿಕ್ಕಿ ತಗದ್ರೂ ಅಷ್ಟ ಹಾಕಿದ್ರೂ ಅಷ್ಟ. ಎಷ್ಟು ಅಂದ್ರ 127 ಲೀಟರ್. ನಮ್ಮ ಲೆಕ್ಕದಾಗ ಹೇಳಬೇಕಂದ್ರ ಎಂಟೂವರಿ ಕೊಡ ನೀರು. ಮೊದಲ ಇಲ್ಲದ್ದನ್ನ ಛತ್ತು ಏನು ಕಸಗೋತದ!

ಎಂಟೂವರಿ ಕೊಡದಾಗ ಒಬ್ಬಾಕಿಯ ವಾರದ ಸಂತಿ ಬರ್ತದ, ಅದನ್ನ ನಾನ ನಿಂತು ನೋಡೀನಿ. ಕೊತಂಬರಿ, ಎರಡು ಗ್ಯಾಲನ್ ಹಾಲು, ಇಂಡಿಯನ್ ಅಂಗಡಿಯ ಹತ್ತು ಪೌಂಡಿನ ಹಿಟ್ಟು, ಮ್ಯಾಲೆ ಒಂದು ತೆಂಗಿನಕಾಯಿ ಚೀಲ. ಆದ್ರ ನಾವು ವಿಮಾನದಾಗ ಒಯ್ತೀವಲ್ಲಾ, ತಲಿಗೆ ಎರಡರಂಗ 23 ಕಿಲೋದ ಪೆಟ್ಟಿಗಿ, ಚಟ್ನಿಪುಡಿ ಮೆಂತ್ಯೆಹಿಟ್ಟು ಮಸಾಲಿಖಾರ ತುಂಬಿ ಮ್ಯಾಲೆ ಕೂತು ಜಿಪ್ ಹಾಕಿದ್ದು, ಅಂಥಾದ್ದು ಒಂದೂ ಅದರಾಗ ಹಿಡಿಯೂದಿಲ್ಲ. ಸ್ಟೆಪ್ನಿ ಗಾಲಿನೂ ಇಲ್ಲ. ಪಂಕ್ಚರ್ ಆದ್ರ ಅಂಟು ಹಾಕಿ ಗಾಳಿ ತುಂಬೂ ಒಂದು ಸಣ್ಣ ಡಬ್ಬಿ ಕೊಟ್ಟಿರ್ತಾರ, ಗಾಲಿ ಹರದ್ರ ಟೋ ಗಾಡಿಗೆ ಫೋನ್ ಮಾಡೂದು.

ಈಗ ಅಕಿಯ ಉತ್ತರ. ಅಕಿ ಇರೂದು ಅಪಾರ್ಟ್‌ಮೆಂಟಿನ್ಯಾಗ, ಗಾಡಿ ನಿಲ್ಲಿಸೂದು ಬಯಲಾಗ. ವಾರಕ್ಕ ಎರಡು ದಿನಾ ಸ್ಯಾನ್‌ಫ್ರಾನ್ಸಿಸ್ಕೋದ ಆಫೀಸಿಗೆ ಹೋಗಬೇಕು. ಅಲ್ಲೆ ನಿಂತ ಗಾಡಿ ಕಾಜು ಒಡದು ಚೀಲ ಒಯ್ಯೂದು ಮಾಮೂಲು, ಫುಟ್‌ಪಾತಿನ ಬಗಲಿಗೆ ಸಕ್ಕರಿ ಹಳ್ಳಿನಂಗ ಕಾಜಿನ ಚೂರು ಬಿದ್ದಿರ್ತಾವ. ಅರಿವಿ ಛತ್ತು ಅಂದ್ರ ಕಳ್ಳಗ ಕಲ್ಲೂ ಬ್ಯಾಡ, ಒಂದು ಚಾಕು ಸಾಕು. ಒಂದು ಸರೆ ಹರದ್ರ ಹೊಲಿಗಿ ಹಾಕಿ ನಡಸೂ ಹಂಗಿಲ್ಲ, ಇಡೀದು ಬದಲಿ. ಗಟ್ಟಿ ಛತ್ತಿನ ಗಾಡಿ ನಿಲ್ಲಿಸಿ ಕೀಲಿ ಹಾಕಿದ್ರ ಮಂದಿ ಕಣ್ಣಿಗೆ ಬರೇ ಒಂದು ಸಣ್ಣ ಕಾರು. ಅಕಿ ಅಂದದ್ದು, "ಅವ್ವಾ, ದೊಡ್ಡ ಕಂಪನಿಯವರು ಗ್ಯಾರೇಜ್ ಇದ್ದವರಿಗೆ ಗಾಡಿ ಮಾರ್ತಾರ. ನಾ ಗಾಡಿ ನಿಲ್ಲಿಸೂದು ಗಿಡದ ಕೆಳಗ" ಅಂತ. ಈ ಮಾತು ನನಗ ಕೂಡಿತು. ಪತ್ರಾಸಿನ ಮನಿ, ತಾಡಪತ್ರಿ ಮನಿ ಎರಡರಾಗ ಯಾವುದು ಅಂದ್ರ ಒಬ್ಬಾಕಿ ಇರೂ ಹೆಣ್ಣು ಹುಡುಗಿಗೆ ನಾ ಏನು ಹೇಳಲಿ?

ಅಲ್ಲಿ ಹವಾನೂ ಇದಕ್ಕ ಹೊಂದ್ತದ. ಮಳಿ ಅಂದ್ರ ನವೆಂಬರಿನಿಂದ ಮಾರ್ಚ್ ತನಕ, ಬ್ಯಾಸಗಿಯೊಳಗ ಒಂದು ಹನಿ ಇಲ್ಲ. ಅಂದ್ರ ಆರು ತಿಂಗಳು ಛತ್ತು ತಗದು ಆಡಾಡಬಹುದು, ಮಳಿಗಾಲದಾಗ ಎಲ್ಲಾರಂಗ ಮುಚ್ಚಿಕೊಂಡು ಓಡಾಡಬಹುದು. ನಮ್ಮ ಧಾರವಾಡದ ಜಿಟಿ ಜಿಟಿ ಮಳ್ಯಾಗ, ಆ ಧೂಳಿನ್ಯಾಗ, ಒಂದೊಂದು ಹಂಪಿಗೆ ಹೊಟ್ಟಿ ತಿಕ್ಕಿಸಿಕೊಂಡು ಇಂಥಾ ಗಾಡಿ ತಿರಗೂದು ಕನಸಿನ ಮಾತು. ಇದು ಆ ಊರಿನ ಗಾಡಿ.

ನಾ ಕೂತು ನೋಡೀನಿ. ಅಕಿ ಆಫೀಸಿನ ಗೆಳತಿ ಹತ್ರ ಇಂಥಾದ್ದ ಒಂದು ಅದ, ಒಂದು ಐತವಾರ ದಿನದ ಮಟ್ಟಿಗೆ ಕೊಟ್ಟಿದ್ಲು. ನಾಕು ಮಂದಿ ಕೂಡೂ ಹಂಗಿಲ್ಲ, ಮೂರು ಮಂದಿನೂ ಇಲ್ಲ. ನಮ್ಮ ಮನಿಯವರು "ನೀವ ತಾಯಿ ಮಗಳು ಹೋಗಿ ಬರ್ರಿ, ನನ್ನ ಕ್ರಿಕೆಟ್ ಅದ" ಅಂದ್ರು. ಕ್ರಿಕೆಟ್ ಇರಲಿಲ್ಲ ಆವತ್ತು.

ಒಳಗ ಕೂಡೂದ ಒಂದು ಕೆಲಸ. ಕೂಡೂದಲ್ಲ ಅದು, ಇಳಿಯೂದು. ಭಾವ್ಯಾಗ ಇಳದಂಗ. ಮೊದಲ ಕುಂಡಿ ಇಟ್ಟು, ಆಮ್ಯಾಲೆ ಒಂದೊಂದ ಕಾಲು ಕೈಯಿಂದ ಎತ್ತಿ ಒಳಗ ತಗೋಬೇಕು. ಹೊರಗ ಬರೂ ಮುಂದ ಮಗಳು ಎದುರು ನಿಂತು ಎರಡೂ ಕೈ ಹಿಡದು ಎಬ್ಬಿಸಿದ್ಲು, ನನ್ನ ಮಣಕಾಲು ಎರಡೂ ಲಟಕ್ ಅಂದವು. ಐವತ್ತು ದಾಟಿದ ನಮ್ಮಂಥವರಿಗೆ ಸೀರಿ ಉಟಗೊಂಡು ಇದರಾಗ ಹತ್ತಿ ಇಳಿಯೂದು ಆಗೂ ಮಾತಲ್ಲ, ಚೂಡಿದಾರನ ಬೇಕು. ಇನ್ನೊಂದು ಕಾರಣಕ್ಕೂ ಬೇಕು. ಇಸಡೋರಾ ಡಂಕನ್ ಅಂತ ದೊಡ್ಡ ಹೆಸರಾದ ನರ್ತಕಿ, 1927ರಾಗ ಫ್ರಾನ್ಸಿನ ನೀಸ್ ಊರಾಗ ತೆರದ ಕಾರಿನ್ಯಾಗ ಹೊಂಟಾಗ ಕೊರಳಾಗಿನ ಉದ್ದನ್ನ ರೇಶಿಮಿ ಶಾಲು ಗಾಲಿಗೆ ಸಿಕ್ಕು ಅಲ್ಲೇ ಜೀವಾ ಹೋತು. ನಾವು ಬೈಕಿನ ಹಿಂದ ಕೂಡು ಮುಂದ ಸೆರಗು ಸುತ್ತಿಕೊಳ್ಳೂದು ಇದಕ್ಕನ ಅಲ್ಲೇನು. ಅದಕ್ಕ ನಾನು ಓಢಣಿ ಮನ್ಯಾಗ ಬಿಟ್ಟು, ಹೆರಳು ಒಳಗ ಸೇರಿಸಿ ಮಗಳ ಟೊಪಗಿ ಹಾಕ್ಕೊಂಡೆ.

ಫ್ರೀಮಾಂಟಿನಿಂದ ಹೊರಬಿದ್ದಾಗ ಬಿಸಲು ಚುರು ಚುರು. ಸ್ಯಾನ್ ಮಟೆಯೋ ಸೇತುವಿ ಅಂತ ಅದ, ಖಾರಿ ಮ್ಯಾಲೆ ಹನ್ನೊಂದು ಕಿಲೋಮೀಟರ್ ಉದ್ದ. ಅದನ್ನ ಹತ್ತೂ ಮುಂದ ಛತ್ತು ತಗದ್ಲು. ಎರಡೂ ಕಡೆ ನೀರು, ಮ್ಯಾಲೆ ಬರೇ ಆಕಾಶ. ಸಣ್ಣಾಕಿದ್ದಾಗ ಅಮ್ಮಿನಬಾವಿ ಜಾತ್ರಿಗೆ ಚಕ್ಕಡ್ಯಾಗ ಅಂಗಾತ ಮಲಕೊಂಡು ಹೋಗತಿದ್ವಲ್ಲಾ, ಹಂಗ ಅನಸ್ತು. ಐದು ನಿಮಿಷ ಅನಸ್ತು ನೋಡ್ರಿ, ಆಮ್ಯಾಲೆ ಗಾಳಿ ಶುರು ಆತು. ಈ ಆರ್‌ಎಫ್‌ಗೆ ಹಿಂದಿನ ಎರಡು ಕಂಬ ಛತ್ತು ತಗದ್ರೂ ನಿಂತ ಇರ್ತಾವ. ನೋಡ್ಲಿಕ್ಕೆ ಭಾಳ ಚೆಂದ. ಆದ್ರ ಜೋರಾಗಿ ಹೊಂಟಾಗ ಗಾಳಿ ಅದಕ್ಕ ಬಡದು ಕಿವಿ ಹತ್ರ ದಬದಬ ಅಂತ ಸುತ್ತತದ. ಪೂರಾ ತೆರಕೊಳ್ಳೂ ಅರಿವಿ ಛತ್ತಿನದರಾಗ ಇಷ್ಟು ಗದ್ದಲ ಇರೂದಿಲ್ಲಂತ. ಮಗಳು ಮಾತಾಡಿದ್ದು ನನಗ ತಿಳೀಲಿಲ್ಲ, ನಾ ಮಾತಾಡಿದ್ದು ಅಕಿಗೆ ತಿಳೀಲಿಲ್ಲ, ಇಬ್ರೂ ಹೂಂ ಹೂಂ ಅನ್ಕೋತ ಹೋದ್ವಿ. ಅವ ಕಂಬದ ಸಲುವಾಗಿ ಹೊಳ್ಳಿ ನೋಡಿದ್ರ ಓರಿಗಿ ಬರೂ ಗಾಡಿ ಕಾಣೂದಿಲ್ಲ. ಕನ್ನಡಿ ಮತ್ತ ಟಿಣ್ ಅನ್ನೂ ದೀಪದ ಮ್ಯಾಲೆ ಭರೋಸಾ ಇಡಬೇಕು. ಇದೊಂದು ನನಗ ಸೇರಲಿಲ್ಲ, ಈಗೂ ಸೇರೂದಿಲ್ಲ.

ಗುಡ್ಡಾ ದಾಟಿ ಹಾಫ್ ಮೂನ್ ಬೇ ಕಡೆ ಇಳದ್ವಿ, ಅಲ್ಲೆ ಸಮುದ್ರದಿಂದ ಮಂಜು ಎದ್ದು ಬಂದಿತ್ತು. ಜುಲೈ ತಿಂಗಳು! ಅರ್ಧ ತಾಸಿನ ಹಿಂದ ಬೆವರತಿದ್ದಾಕಿ ಗಡಗಡ ನಡಗಲಿಕ್ಕೆ ಹತ್ತಿದೆ. ಮಗಳು ಸಿಗ್ನಲ್ಲಿಗೆ ನಿಧಾನ ಮಾಡಿ ಗುಂಡಿ ಹಿಡದ್ಲು. ಹದಿಮೂರು ಅಂತ ಎಣಸೂದರಾಗ ಛತ್ತು ಬಂದು ಕೂತು, ಹೀಟರ್ ಹಚ್ಚಿ, ಒಳಗ ಬೆಚ್ಚಗ ಆತು, ನಿಶ್ಶಬ್ದ ಆತು. ಆವಾಗ ತಿಳೀತು ನನಗ, ಈ ಛತ್ತಿಗೆ ಕೊಡೂ ರೊಕ್ಕ ಎಲ್ಲೆ ಹೋಗತದ ಅಂತ. ತಗಿಯೂದಕ್ಕ ಅಲ್ಲ, ಹಾಕ್ಕೊಳ್ಳೂದಕ್ಕ. ತಗಿಯೂದಾದ್ರ ಅರಿವಿದೂ ತಗೀತದ, ಅದೂ ಲಗೂನ.

ಇನ್ನ ರೊಕ್ಕದ ಮಾತು. ಹೊಸಾ ಗಾಡಿಯೊಳಗ ಗಟ್ಟಿದಕ್ಕೂ ಅರಿವಿದಕ್ಕೂ ಮೊದಲ ಸುಮಾರು ಎರಡೂವರಿ ಸಾವಿರ ಡಾಲರ್ ಫರಕು ಇತ್ತು. ವಜ್ಜಾ ಸುಮಾರು 50 ಕಿಲೋ ಹೆಚ್ಚು. ಒಂದು ಅಕ್ಕಿ ಚೀಲ ತಲಿ ಮ್ಯಾಲೆ ಕಟಗೊಂಡು ತಿರಗಿದಂಗ, ತಿರುವಿನ್ಯಾಗ ಅದು ಗೊತ್ತಾಗ್ತದ ಅಂತಾರ ಬಲ್ಲವರು. ನನಗೇನೂ ಗೊತ್ತಾಗಲಿಲ್ಲ. ನಿಜವಾದ ಖರ್ಚು ಮುಂದ ಬರೂದು. ಅರಿವಿ ಛತ್ತು ಬಿಸಲಿಗೆ ಸವದು ಒಂದಿನ ಬದಲಿ ಆಗಬೇಕು, ಅದು ಎಲ್ಲಾರಿಗೂ ಗೊತ್ತಿದ್ದ ಖರ್ಚು, ಮೊದಲ ರೊಕ್ಕ ಎತ್ತಿ ಇಡಬಹುದು. ಗಟ್ಟಿದು ಹಂಗಲ್ಲ. ವರ್ಷಾನುಗಟ್ಟಲೆ ಏನೂ ಕೇಳೂದಿಲ್ಲ. ಆಮ್ಯಾಲೆ ಒಂದಿನ ಯಾವುದೋ ಬೆರಳ ತುದಿಯಷ್ಟು ಸ್ವಿಚ್ ಕೆಟ್ಟು ಛತ್ತು ಅರ್ಧಕ್ಕ ನಿಂತುಬಿಡ್ತದ, ಬಾಯಿ ತಗದ ಮೊಸಳಿ ಹಂಗ. ಅದು ಮಳ್ಯಾಗ ಆಗಬಾರದಂತ ಏನೂ ಇಲ್ಲ. ಅದನ್ನ ರಿಪೇರಿ ಮಾಡಲಿಕ್ಕೆ ಮೂಲಿ ಮೆಕ್ಯಾನಿಕ್ ಬರೂದಿಲ್ಲ. ಅದಕ್ಕ ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಛತ್ತಿನ ಬಗ್ಗೆ ಇದ್ದ ಹಾಳಿಯ ಫೋಟೋ ತಗದು ಫೋನಿನ್ಯಾಗ ಇಟಗೋ ಅಂತ ಹೇಳೀನಿ.

ನೀರಿನ ಸುದ್ದಿ ಮಾತ್ರ ನಮ್ಮ ಮನಿಯವರು ಹಿಡದ್ರು ನೋಡ್ರಿ. ಛತ್ತು ಎಷ್ಟ ಗಟ್ಟಿ ಇದ್ರೂ ಜೋಡಣಿ ಇದ್ದಲ್ಲೆ ರಬ್ಬರಿನ ಅಂಚು ಇರ್ತದ. ಅದರ ಸಂದಿಯೊಳಗ ಬಂದ ನೀರು ಹರದು ಹೋಗಲಿಕ್ಕೆ ಸಣ್ಣ ಸಣ್ಣ ಕೊಳವಿ ಮಾಡಿರ್ತಾರ, ನಮ್ಮ ಮಾಳಗಿಗೆ ಹರನಾಳ ಇದ್ದಂಗ. ಗಿಡದ ಕೆಳಗ ನಿಲ್ಲಿಸೂ ಗಾಡಿಗೆ ಎಲಿ, ಹೂವಿನ ಪುಡಿ, ಮಣ್ಣು ಕೂಡಿ ಅದು ಕಟ್ಟಿಕೊಳ್ತದ. ಮ್ಯಾಲಿನ ನೀರು ಹೋಗೂ ಹಾದಿ ಇಲ್ಲದ ಸೀಟಿನ ಹಿಂದ, ಕಾಲ ಕೆಳಗಿನ ಗಾದಿಯೊಳಗ ಇಳೀತದ. ಮೊದಲ ವಾಸನಿ, ಆಮ್ಯಾಲೆ ಬೂಸು, ಆಮ್ಯಾಲೆ ಒಳಗಿನ ವೈರಿಗೆ ತ್ರಾಸು. "ಮನಿ ಸೋರೂದು ಸ್ಲ್ಯಾಬಿನಿಂದ ಅಲ್ಲ, ಹರನಾಳದಿಂದ" ಅಂತ ಅವರು ಮೂವತ್ತು ವರ್ಷದಿಂದ ಹೇಳ್ಕೋತ ಬಂದದ್ದು ಇಲ್ಲೂ ಬಂತು. ಮಗಳು ನಕ್ಕಳು, ಆದ್ರ ಬರಕೊಂಡ್ಲು.

ಇನ್ನೊಂದು, ಗಟ್ಟಿ ಛತ್ತು ಅಂತ ಹೇಳಿ ಧೈರ್ಯ ಮಾಡೂದು ಬ್ಯಾಡ. ಕಳ್ಳಗ ಗಟ್ಟಿ, ಮಳಿಗೆ ಗಟ್ಟಿ. ಗಾಡಿ ಪಲ್ಟಿ ಹೊಡದ್ರ ತಲಿ ಕಾಯೂದು ಸೀಟಿನ ಹಿಂದಿನ ಕಬ್ಬಿಣದ ಕಮಾನು ಮತ್ತ ಮುಂದಿನ ಕಾಜಿನ ಚೌಕಟ್ಟು. ಬೆಲ್ಟ್ ಹಾಕ್ಕೊಳ್ಳದ ಕೂಡೂ ಚಟ ಇದ್ದವರು ಇಂಥಾ ಗಾಡಿ ಹತ್ರನೂ ಹೋಗಬಾರದು.

ಇಷ್ಟೆಲ್ಲಾ ಬರದೆ, ನಿಮ್ಮ ನಿಜವಾದ ಪ್ರಶ್ನೆ ಛತ್ತಿಂದಲ್ಲ ಅನ್ನೂದು ನನಗ ಗೊತ್ತದ. ಮೌಶಿ ಬಿಚ್ಚಿ ಕೇಳೇ ಬಿಟ್ರು. "ಎರಡ ಸೀಟಿನ ಗಾಡಿ ತಗೊಂಡ್ರ ಹುಡುಗಿ ಮುಂದ ಮದುವಿ ಮಕ್ಕಳು ಅನ್ನೂ ವಿಚಾರಾನ ಬಿಟ್ಟಾಳೇನು?" ಅಂತ. ಅಕಿಗೆ ಮೂವತ್ನಾಕು. ಎರಡು ಸಂಬಂಧ ಬಂದು ಬಾಗಲಾಗಿಂದ ಹೊಳ್ಳಿ ಹೋದದ್ದು ನಿಮ್ಮೆಲ್ಲಾರಿಗೂ ಗೊತ್ತಿದ್ದದ್ದ. ನಾನೂ ಕೇಳಿದೆ ಅಕಿಗೆ, ಬ್ಯಾರೆ ರೀತಿಲೆ. "ಈಗಿನ ನಾಕು ಬಾಗಲದ ಗಾಡಿ ಛಲೋನ ಅದಲ್ಲಾ, ಅದನ್ನ ಯಾಕ ಮಾರ್ತೀ?"

ಅಕಿ ಏನೂ ಮಾತಾಡಲಿಲ್ಲ. ಫೋನ್ ತಗದು ಒಂದು ಲೆಕ್ಕಾ ತೋರಿಸಿದ್ಲು. ಆ ಗಾಡಿ ತಗೊಂಡಾಗಿನಿಂದ ಹಿಂದಿನ ಸೀಟಿನ್ಯಾಗ ಯಾರು ಯಾವಾಗ ಕೂತ್ರು ಅಂತ ಬರಕೋತ ಬಂದಾಳ! ನಾವು ಬರೂಕಿಂತ ಮೊದಲಿನ ವರ್ಷ ಪೂರಾ ಕೂಡಿ ಹನ್ನೊಂದು ದಿನಾ. ಅದರಾಗ ಎರಡು ದಿನಾ ಮನುಷ್ಯಾರಲ್ಲ, ಐಕಿಯಾದ ಕುರ್ಚಿ. "ಆ ಸೀಟು ಕಾಯಕೋತ ನಾಕು ವರ್ಷ ಆತವ್ವಾ. ಬಂದವರಿಗೆ ಒಂದು ದಿನದ ಬಾಡಿಗಿ ಗಾಡಿ ಸಿಗತದ. ಉಳದ ದಿನಾ ನಾ ಒಬ್ಬಾಕಿನ ಹೊಡಿಯೂದು" ಅಂದ್ಲು. ಸಿಟ್ಟಿಲ್ಲ, ಅಳೂ ಇಲ್ಲ, ಸಂತಿ ಲೆಕ್ಕಾ ಹೇಳಿದಂಗ ಹೇಳಿದ್ಲು.

ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಮ್ಮ ಮನಿ ಅಟ್ಟದ ಮ್ಯಾಲೆ ಅಕಿ ಮದುವಿಗಂತ ತಗದಿಟ್ಟ ಸ್ಟೀಲಿನ ಡಬರಿ, ಹಿತ್ತಾಳಿ ಪರಾತ, ಕುಕ್ಕರ್ ಎಲ್ಲಾ ಹನ್ನೆರಡು ವರ್ಷದಿಂದ ಕಾಗದದಾಗ ಸುತ್ತಿ ಕೂತಾವ. ಬ್ಯಾಸಗಿಗೊಮ್ಮೆ ಇಳಿಸಿ ಒರಿಸಿ ಮತ್ತ ಮ್ಯಾಲಿಡೂದು. (ಊರಿಗೆ ಬಂದ ಮ್ಯಾಲೆ ಎರಡು ಡಬರಿ ಇಳಿಸಿ ಉಪಯೋಗಕ್ಕ ಹಚ್ಚೀನಿ, ಶ್ರಾವಣದಾಗ ಅದರಾಗಿನ ಪಾಯಸನ ನೀವು ಉಂಡೀರಿ, ಇನ್ನ.) ಮದುವಿ ಆಗೂದಿದ್ರ ಕಾರು ಅಡ್ಡ ಬರೂದಿಲ್ಲ. ಕೂಸು ಹುಟ್ಟಿದ್ರ ಈ ಗಾಡಿ ಮಾರಬೇಕು ಅನ್ನೂದು ಖರೆ, ಸಣ್ಣ ಕೂಸಿನ ಸೀಟು ಹಿಂದ ಇಡಬೇಕು, ಇದಕ್ಕ ಹಿಂದ ಅನ್ನೂದ ಇಲ್ಲ. ಆವಾಗ ಮಾರಿದ್ರ ಆತು. ಈ ಗಾಡಿಗೆ ಹಳೇದಾದ್ರೂ ಗಿರಾಕಿ ಇದ್ದ ಇರ್ತಾರಂತ.

ನನಗ ಕೆಟ್ಟ ಅನಸೂದು ಅದಲ್ಲ. ಮುಂದಿನ ಸರೆ ನಾವು ಹೋದಾಗ ಐತವಾರ ಗುಡಿಗೆ ಹೊಂಟ್ರ ಒಬ್ರು ಮನ್ಯಾಗ ಉಳೀಬೇಕು. ಲಿವರ್‌ಮೋರಿನ ಶಿವ-ವಿಷ್ಣು ಗುಡಿಗೆ ಹೋದಾಗೆಲ್ಲಾ ಹಿಂದಿನ ಸೀಟಿನ್ಯಾಗ ನಾನು, ಮುಂದ ಅವರಿಬ್ರು, ದಾರಿ ತುಂಬ ಅಪ್ಪಾ ಮಗಳ ವಾದ ಕೇಳ್ಕೋತ ನಾ ನಿದ್ದಿ ಮಾಡತಿದ್ದೆ. ಆ ನಿದ್ದಿ ಬಾಡಿಗಿ ಗಾಡ್ಯಾಗ ಬರತದೋ ಇಲ್ಲೋ. ಅದನ್ನ ಅಕಿ ಮುಂದ ಹೇಳಿಲ್ಲ. ವರ್ಷಕ್ಕ ಹನ್ನೊಂದು ದಿನದ ಲೆಕ್ಕದ ಮುಂದ ಅದನ್ನ ಹೆಂಗ ಇಡೂದು?

ಅಕಿಗೆ ನಾ ಹೇಳಿದ್ದು ಇಷ್ಟ. ಎರಡ ಸೀಟಿನದ ತಗೋಬೇಕು ಅಂತ ನಿಶ್ಚಯ ಇದ್ರ ಗಟ್ಟಿ ಛತ್ತಿಂದ ತಗೋ, ನಿನ್ನ ಊರಿಗೆ, ನಿನ್ನ ಬಯಲಾಗಿನ ಪಾರ್ಕಿಂಗಿಗೆ ಅದ ಬರೋಬ್ಬರಿ. ಗ್ಯಾರೇಜ್ ಇದ್ದಿದ್ರ ಅರಿವಿದು ತಗೋ ಅಂತಿದ್ದೆ, ಸ್ವಸ್ತ, ಹಗುರು, ಕೆಡೂದು ಕಡಿಮಿ, ಗಾಳಿ ಗದ್ದಲನೂ ಕಡಿಮಿ. ತರೂ ಮುಂದ ಛತ್ತನ್ನ ಒಮ್ಮೆ ಅಲ್ಲ, ಮೂರು ಸರೆ ತಗದು ಹಾಕಿ ನೋಡು, ನಡುವ ತಡವರಿಸ್ತದೇನು, ಕಿರ್ ಅಂತದೇನು ಕೇಳು. ಕಾಲ ಕೆಳಗಿನ ಗಾದಿ ಎತ್ತಿ ಅಂಗೈ ಒತ್ತಿ ನೋಡು, ಹಸಿ ಹತ್ತಿದ್ರ ಅಲ್ಲಿಂದ ಎದ್ದು ಬಾ, ಮಾರಾಂವ ಎಷ್ಟ ಸಿಹಿ ಮಾತಾಡಿದ್ರೂ. ಮೂಗು ಹಚ್ಚಿ ವಾಸನಿ ನೋಡು, ಮಳಿಗಾಲದ ಕಪಾಟಿನ ವಾಸನಿ ನಿನಗ ಗೊತ್ತದ. ರಬ್ಬರ್ ಅಂಚು ಒಣಗಿ ಬಿರದಾವೇನು ಬೆರಳಾಡಿಸು. ಮಳಿ ಬಿದ್ದ ಮರುದಿನ ನೋಡ್ಲಿಕ್ಕೆ ಹೋದ್ರ ಇನ್ನೂ ಛಲೋ. ಮಳಿ ಇಲ್ಲಂದ್ರ ಪೈಪ್ ಹಿಡದು ನೀರು ಹೊಡಸು, ನಾಚಿಕೋಬ್ಯಾಡ.

ಈ ಶನಿವಾರ ಸ್ಯಾನ್ ಹೋಸೆದಾಗ ಒಂದು ನೋಡ್ಲಿಕ್ಕೆ ಹೊಂಟಾಳ. ಫೋಟೋ ಕಳಿಸ್ಯಾಳ, ಕೆಂಪು ಬಣ್ಣದ್ದು. ಅವರಪ್ಪ ಫೋಟೋ ದೊಡ್ಡದು ಮಾಡಿ ಬರೇ ಹರನಾಳ ಎಲ್ಲೆ ಅದ ಹುಡಕಲಿಕ್ಕೆ ಹತ್ಯಾರ. ನನಗ ಕೆಂಪು ಅಷ್ಟ ಸೇರೂದಿಲ್ಲ, ಬೂದಿ ಬಣ್ಣದ್ದು ಸಿಕ್ಕರ ನೋಡು ಅಂದೀನಿ.